ದಯವಿಟ್ಟು ಕಲೆಗೆ ಬೆಲೆ ಕಟ್ಟಿ

"ಕಲೆಗೆ ಬೆಲೆ ಕಟ್ಟಲು ಸಾಧ್ಯವಿಲ್ಲ." ಈ ಮಾತನ್ನು ಇನ್ನು ಯಾರಾದರೂ ಮೈಕಿನ ಮುಂದೆ ಹೇಳಿದರೆ ನಾನು ಸಭೆಯಿಂದ ಎದ್ದು ಹೋಗುತ್ತೇನೆ. ಇವತ್ತು ಏಳಲಿಲ್ಲ. ಮುಂದಿನ ಸಾಲಿನಲ್ಲಿ ಕೂರಿಸಿಬಿಟ್ಟಿದ್ದರು, ಜೊತೆಗೆ ನನ್ನ ಮಂಡಿನೋವಿನ ಕಥೆ ನಿಮಗೆ ಗೊತ್ತೇ ಇದೆ.

ನಮ್ಮ ತುಮಕೂರಿನ ಗ್ಯಾಲರಿಯೊಂದರಲ್ಲಿ ಜಿಲ್ಲೆಯ ಕಲಾವಿದರ ಚಿತ್ರಪ್ರದರ್ಶನ ಶುರುವಾಗಿದೆ. ಉದ್ಘಾಟನೆಯ ವರ್ಣನೆ ಬೇಡ. ದೀಪ, ಹಾರ, ಶಾಲು, ಹಣ್ಣಿನ ಬುಟ್ಟಿ, ಚಿತ್ರಗಳಿಗೆ ಬೆನ್ನು ಮಾಡಿ ಕುಳಿತ ಗಣ್ಯರು. ಮುಖ್ಯ ಅತಿಥಿಗಳು ಮೇಲಿನ ಮಾತನ್ನು ಹೇಳಿದರು, ಚಪ್ಪಾಳೆ ಬಿತ್ತು, ಅವಸರದ ಕೆಲಸವಿದೆಯೆಂದು ಹೊರಟರು. ಹೊರಡುವಾಗ ನೆನಪಿನ ಕಾಣಿಕೆಯೆಂದು ಒಬ್ಬ ಹುಡುಗನ ಚಿತ್ರವನ್ನೇ ಗೋಡೆಯಿಂದ ಇಳಿಸಿ ಅವರ ಕೈಗಿತ್ತರು. ಪುಕ್ಕಟೆ! ಬೆಲೆ ಕಟ್ಟಲಾಗದ ವಸ್ತು ಕಾರಿನ ಡಿಕ್ಕಿ ಸೇರುವುದು ಹೇಗೆಂದು ಕಣ್ಣಾರೆ ಕಂಡೆ. ಆ ಹುಡುಗ ನಗುತ್ತಾ ಫೋಟೋಗೆ ನಿಂತಿದ್ದ. ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಆಮೇಲೆ ಗೋಡೆಗಳನ್ನು ನೋಡುತ್ತಾ ಬಂದೆ. ಪ್ರತಿ ಚಿತ್ರದ ಕೆಳಗೂ ಚೀಟಿ ಇದೆ. ಶೀರ್ಷಿಕೆ ಇದೆ, ಕಲಾವಿದರ ಹೆಸರಿದೆ, ಜಲವರ್ಣವೋ ತೈಲವರ್ಣವೋ ಎಂಬುದೂ ಇದೆ. ಬೆಲೆ ಇಲ್ಲ. ಆಯೋಜಕರೊಬ್ಬರನ್ನು ಕೇಳಿದೆ. "ಬೆಲೆ ಹಾಕಿದರೆ ಅಂಗಡಿಯ ಹಾಗೆ ಕಾಣುತ್ತದೆ ಮೇಡಂ" ಎಂದರು. ಕಾಣಲಿ ಸ್ವಾಮಿ! ಅಂಗಡಿಯವರ ಮನೆಯಲ್ಲಿ ರಾತ್ರಿ ಒಲೆ ಉರಿಯುತ್ತದೆ.

ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದವರು. ಚದರ ಅಡಿಗೆ ಇಷ್ಟು ಎಂದು ಲೆಕ್ಕ. ಅಕ್ಷರಕ್ಕೆ ನೆರಳು ಕೊಡಬೇಕಿದ್ದರೆ ಅದಕ್ಕೆ ಬೇರೆ. ಅರ್ಧ ಮುಂಗಡ ಬರದೆ ಬ್ರಷ್ ಮುಟ್ಟುತ್ತಿರಲಿಲ್ಲ. ಮಂಡಿಪೇಟೆಯ ಯಾವ ಸಾಹುಕಾರರೂ ಅವರಿಗೆ "ನಿಮ್ಮ ಕಲೆಗೆ ಬೆಲೆ ಕಟ್ಟಲಾಗದು" ಎನ್ನಲಿಲ್ಲ, ಚೌಕಾಸಿ ಮಾಡಿದರು, ಜಗಳವಾಡಿದರು, ಕೊನೆಗೆ ದುಡ್ಡು ಎಣಿಸಿ ಕೊಟ್ಟರು. ಅದರಲ್ಲೇ ನಾವು ಓದಿದೆವು. ಫ್ಲೆಕ್ಸ್ ಬಂತು, ಕೆಲಸ ನಿಂತಿತು. ಸನ್ಮಾನ ಶುರುವಾದದ್ದು ಆಗ! ದುಡ್ಡು ಬರುವವರೆಗೂ ಕೂಲಿಯವನಾಗಿದ್ದ ನಮ್ಮಪ್ಪ, ದುಡ್ಡು ನಿಂತ ದಿನದಿಂದ ಕಲಾವಿದರಾದರು. ಅವರಿಗೆ ಹೊದಿಸಿದ ಶಾಲುಗಳು ಇವತ್ತಿಗೂ ನಮ್ಮ ಬೀರುವಿನಲ್ಲಿವೆ. ನನಗೆ ಅವನ್ನು ಕಂಡರಾಗುವುದಿಲ್ಲ.

ಈಗ ಬರುವ ವಾದ ನನಗೆ ಗೊತ್ತು. ಸಾಲದ ಕಂತು, ಮಕ್ಕಳ ಫೀಸು ಕಟ್ಟುವ ಮಧ್ಯಮವರ್ಗದವರು ಚಿತ್ರ ಕೊಳ್ಳಲು ಎಲ್ಲಿಂದ ತರುತ್ತಾರೆ? ಪಾಪ, ನಿಜ. ಆದರೆ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದವರ ಗೃಹಪ್ರವೇಶಕ್ಕೆ ನಾನೂ ಹೋಗುತ್ತೇನಲ್ಲ! ಸೀಲಿಂಗಿಗೆ ಪಿಒಪಿ ಹೂವು, ಅದರೊಳಗೆ ಬಣ್ಣದ ದೀಪ, ಹಾಲ್‌ನಲ್ಲಿ ಓಡುತ್ತಿರುವ ಏಳು ಬಿಳಿ ಕುದುರೆಗಳ ಪ್ರಿಂಟು. ಕುದುರೆಯ ಮೂತಿ ಯಾವ ದಿಕ್ಕಿಗಿರಬೇಕೆಂದು ಹೇಳಿದ ವಾಸ್ತುವಿನವರಿಗೆ ದಕ್ಷಿಣೆ ಬೇರೆ. ಹಣವಿಲ್ಲವೆಂಬ ಮಾತನ್ನು ಆ ಕುದುರೆಗಳ ಮುಂದೆ ನಿಂತು ಹೇಳಬೇಡಿ.

ಇನ್ನೊಂದು ತಮಾಷೆ ಕೇಳಿ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಎಷ್ಟೋ ವರ್ಷಗಳಿಂದ, ಸಾಮಾನ್ಯವಾಗಿ ಜನವರಿಯಲ್ಲಿ, ಚಿತ್ರಸಂತೆ ನಡೆಸುತ್ತಾ ಬಂದಿದೆ. ಹೆಸರೇ ಸಂತೆ! ಕುಮಾರಕೃಪಾ ರಸ್ತೆಯ ಬದಿಯಲ್ಲಿ ಚಿತ್ರ ಹರಡಿಕೊಂಡು ಕೂರುತ್ತಾರೆ, ಕೇಳಿದರೆ ಬೆಲೆ ಹೇಳುತ್ತಾರೆ, ಕಲೆಯ ಮರ್ಯಾದೆ ಮೂರುಕಾಸಿನಷ್ಟೂ ಕಡಿಮೆಯಾಗಿಲ್ಲ. ನಮ್ಮ ಬೀದಿಯವರೊಬ್ಬರು ರೈಲು ಹತ್ತಿ ಹೋಗಿ ಅಲ್ಲಿಂದ ಚೆಂದದ ಜಲವರ್ಣವೊಂದನ್ನು ತಂದು ನನಗೆ ತೋರಿಸಿದರು. ತಿರುಗಿಸಿ ನೋಡಿದರೆ ಹಿಂದೆ ಕಲಾವಿದರ ವಿಳಾಸ: ತುಮಕೂರು. ಎಪ್ಪತ್ತು ಕಿಲೋಮೀಟರ್ ಆಚೆ ಅವರಿಬ್ಬರೂ ಭೇಟಿಯಾಗಬೇಕಾಯಿತು!

ಹಾಗೆಂದು ಗೋಡೆಯ ಮೇಲಿರುವುದೆಲ್ಲ ಅಮೋಘ ಎಂದು ನಾನು ಹೇಳುತ್ತಿಲ್ಲ. ಹಂಪಿಯ ಕಲ್ಲಿನ ರಥಕ್ಕೆ ಇನ್ನಾದರೂ ವಿಶ್ರಾಂತಿ ಕೊಡಿ. ಕಣ್ಣು ಮುಚ್ಚಿದ ಬುದ್ಧನೂ ಸಾಕಾಗಿದ್ದಾನೆ. ತೈಲವರ್ಣದ ಒಂದೆರಡು ಚಿತ್ರಗಳು ಸರಿಯಾಗಿ ಒಣಗಿಯೂ ಇಲ್ಲ. ಉದ್ಘಾಟನೆಯ ದಿನಾಂಕಕ್ಕೆ ಹೆದರಿ ಮುಗಿಸಿದ್ದು ಗೊತ್ತಾಗುತ್ತದೆ. ಆದರೆ ಮೂಲೆಯಲ್ಲೊಂದು ಜಲವರ್ಣವಿದೆ: ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿರುವ ಹೆಂಗಸರು. ಮುಖಗಳು ಸ್ಪಷ್ಟವಿಲ್ಲ, ಬಗ್ಗಿದ ಬೆನ್ನುಗಳೇ ಎಲ್ಲವನ್ನೂ ಹೇಳುತ್ತವೆ. ಹುಣಸೆಯ ಆ ಬಣ್ಣ ಸುಲಭಕ್ಕೆ ಸಿಗುವುದಲ್ಲ. ಸ್ವಲ್ಪ ಕೆಂಪು ಹೆಚ್ಚಾದರೆ ಇಟ್ಟಿಗೆ, ಕಪ್ಪು ಹೆಚ್ಚಾದರೆ ಸಗಣಿ. ಈತ ಅದನ್ನು ಹಿಡಿದಿದ್ದಾರೆ. ಕಾಗದದ ಬಿಳಿಯನ್ನು ಹಾಗೆಯೇ ಬಿಟ್ಟು ಸೆರಗಿನ ಅಂಚಿಗೆ ಬಿಸಿಲು ತಂದಿದ್ದಾರೆ. ನಾನು ಅಲ್ಲೇ ನಿಂತುಬಿಟ್ಟೆ, ಮಂಡಿಯ ನೆನಪೂ ಆಗಲಿಲ್ಲ.

ನಮ್ಮದೇನು ಚಿತ್ರ ಗೊತ್ತಿಲ್ಲದ ಸೀಮೆಯೇ? ಸಿರಾ ದಾರಿಯ ಸೀಬಿಗೆ ಹೋಗಿ ನರಸಿಂಹಸ್ವಾಮಿ ದೇವಾಲಯದಲ್ಲಿ ಕತ್ತೆತ್ತಿ ನೋಡಿ. ಹೈದರಾಲಿಯ ದರ್ಬಾರು ಚಾವಣಿಯ ಮೇಲಿದೆ. ಕಚೇರಿ ಕೃಷ್ಣಪ್ಪನವರ ಮಕ್ಕಳಾದ ನಲ್ಲಪ್ಪ ಸಹೋದರರು ಕಟ್ಟಿಸಿದ ಗುಡಿ ಅದು. ಅಲ್ಲಿ ಕತ್ತು ನೋಯಿಸಿಕೊಂಡು ಬಣ್ಣ ಹಚ್ಚಿದವರನ್ನು ಬರೀ ಶಾಲು ಹೊದಿಸಿ ಕಳಿಸಿರಲಾರರು ಎಂಬುದು ನನ್ನ ನಂಬಿಕೆ. ಇತಿಹಾಸ ಬಲ್ಲ ಸ್ನೇಹಿತರು ಬೇಕಾದರೆ ಬೈಯಲಿ.

ಹುಣಸೆ ಚಿತ್ರದ ಕಲಾವಿದರನ್ನು ಹುಡುಕಿದೆ. ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಬೆಲೆ ಎಷ್ಟು ಎಂದೆ. ನಾಚಿಕೊಂಡು, "ನೀವೇ ನೋಡಿ ಏನಾದರೂ ಕೊಡಿ ಮೇಡಂ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು! ಕಾಗದಕ್ಕೆಷ್ಟಾಯಿತು, ಫ್ರೇಮಿಗೆಷ್ಟಾಯಿತು, ಎಷ್ಟು ಭಾನುವಾರ ಕೂತಿರಿ, ಲೆಕ್ಕ ಹಾಕಿ ಎಂದು ಅಲ್ಲೇ ಕುರ್ಚಿ ಎಳೆದು ಕೂರಿಸಿದೆ. ಅಳುಕುತ್ತಾ ಒಂದು ಮೊತ್ತ ಹೇಳಿದರು. ಫ್ರೇಮಿನ ಖರ್ಚು ಕಳೆದರೆ ಕೈಗೆ ಏನೂ ಉಳಿಯದ ಮೊತ್ತ. ಮತ್ತೆ ಲೆಕ್ಕ ಹಾಕಿಸಿದೆ. ಕೊಳ್ಳುವವಳು ಏರಿಸುತ್ತಾ, ಮಾರುವವರು ಇಳಿಸುತ್ತಾ ನಡೆದ ಆ ಚೌಕಾಸಿಯನ್ನು ನಮ್ಮಪ್ಪ ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು.

ಪ್ರದರ್ಶನ ಭಾನುವಾರದವರೆಗೆ ಇದೆ, ಪ್ರವೇಶಕ್ಕೆ ದುಡ್ಡಿಲ್ಲ. ಹೋಗುವವರು "ಸೂಪರ್ ಸರ್" ಎಂದು ಸೆಲ್ಫಿ ತೆಗೆದುಕೊಂಡು ಬರಬೇಡಿ, ಬೆಲೆ ಕೇಳಿ. ಕೊಳ್ಳಲಾಗದಿದ್ದರೂ ಕೇಳಿ, ಹೇಳಲು ಅವರಿಗೂ ಸ್ವಲ್ಪ ಅಭ್ಯಾಸವಾಗಲಿ. ಹುಣಸೆಯ ಚಿತ್ರವನ್ನು ಮಾತ್ರ ಕೇಳಬೇಡಿ, ಅದಕ್ಕೆ ಅರ್ಧ ಮುಂಗಡ ಕೊಟ್ಟು ಬಂದಿದ್ದೇನೆ.