ಗೌಟ್: ನೋವು ಹೋದರೆ ಕಾಯಿಲೆ ಹೋದಂತಲ್ಲ

‘ಗೌಟ್ ಎಂದರೆ ಹೆಬ್ಬೆರಳಿನ ನಾಲ್ಕು ದಿನದ ನೋವು, ಊತ ಇಳಿದ ಕೂಡಲೇ ಮಾತ್ರೆ ನಿಲ್ಲಿಸಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿದಾಗ ಯೂರೇಟ್ ಹರಳುಗಳು ಕೀಲುಗಳಲ್ಲಿ ಕೂರುತ್ತವೆ. ಒಂದೆರಡು ವಾರದಲ್ಲಿ ನೋವು ಶಮನವಾದರೂ ಹರಳುಗಳು ಅಲ್ಲೇ ಉಳಿಯುತ್ತವೆ. ಆದ್ದರಿಂದಲೇ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯ 2020ರ ಮಾರ್ಗಸೂಚಿ, ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್‌ನಂತಹ ಔಷಧ ಆರಂಭಿಸಿದವರು ರಕ್ತದಲ್ಲಿ ಆ ಆಮ್ಲವನ್ನು ಡೆಸಿಲೀಟರ್‌ಗೆ 6 ಮಿಲಿಗ್ರಾಂಗಿಂತ ಕೆಳಗೆ ಇಳಿಸಿ, ನೋವಿಲ್ಲದಾಗಲೂ ಚಿಕಿತ್ಸೆ ಮುಂದುವರಿಸಬೇಕೆನ್ನುತ್ತದೆ.

‘ನಾಲ್ಕು ದಿನದ ನೋವು’ ಎಂಬ ಮಾತೇ ನನಗೆ ಹೆಚ್ಚು ಬೇಸರ ತಂದದ್ದು. ನೋವು ಕೆರಳಿದ ರಾತ್ರಿ ಹೊದಿಕೆಯ ಅಂಚು ತಾಗಿದರೂ ಸಹಿಸಲಾಗದು. ನಿದ್ರೆಯಿಲ್ಲ, ಚಪ್ಪಲಿ ಮೆಟ್ಟಲಾಗದು, ಶೌಚಾಲಯದವರೆಗೆ ನಡೆಯಲೂ ಆಸರೆ ಬೇಕು. ಚಿಕಿತ್ಸೆಯಿಲ್ಲದೆ ವರ್ಷಗಳುರುಳಿದರೆ ಬೆರಳುಗಳಲ್ಲಿ ಗಂಟುಗಳೆದ್ದು ಗುಂಡಿ ಹಾಕುವುದು, ಪೆನ್ನು ಹಿಡಿಯುವುದೂ ಕಷ್ಟವಾಗಬಹುದು, ಕೀಲೇ ಸವೆಯಬಹುದು. ನೋವಿಲ್ಲದ ದಿನಗಳಲ್ಲೂ ಮುಂದಿನ ದಾಳಿಯ ಭಯದಿಂದ ಪ್ರಯಾಣ, ಸಮಾರಂಭಗಳನ್ನು ಕೈಬಿಡುವವರಿದ್ದಾರೆ. ಇದು ಸಣ್ಣ ಕಾಯಿಲೆಯಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಅದನ್ನು ನಂಬಿ ಮಾತ್ರೆ ಬಿಟ್ಟವರು ನಿಮ್ಮ ಬಳಗದಲ್ಲಿದ್ದರೆ, ವೈದ್ಯರನ್ನು ಕಾಣುವಂತೆ ತಿಳಿಸಿ.