ಸರ್ವೇಗೂ ಚೀಟಿ ಎತ್ತಲಿ

ಕಳೆದ ವಾರ ಚಿತ್ತಾಪುರದ ಕಡೆ ನಮ್ಮೂರಿಗೆ ಹೋಗಿದ್ದೆ. ಕಾಕಾ ಟ್ರಂಕಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಪಹಣಿ ಕೈಗಿಟ್ಟರು. ಮಡಚಿ ಮಡಚಿ ನಡುವೆ ಹರಿದಿದೆ. ಅದರಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು. ಮೂವರು ಮಕ್ಕಳು ಬಾಯಿಮಾತಿನಲ್ಲೇ ಹಂಚಿಕೊಂಡು ತೊಗರಿ ಬಿತ್ತುತ್ತಿದ್ದಾರೆ.

"ಆಚೆ ಊರಾಗ ಹೊಲದ ಸರ್ವೇ ಆಯ್ತು. ನಮ್ಮೂರಿಗಿ ಯಾಕ ಬರಲಿಲ್ಲ ತಮ್ಮಾ?" ಅಂತ ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಚೆ ಊರಲ್ಲಿ ಮಾತು ನಡೆಯುವ ಒಬ್ಬರಿದ್ದಾರೆ, ಅಷ್ಟು ಗೊತ್ತು.

ಸರ್ವೇಯರ್ ಕಡಿಮೆ, ಊರು ಜಾಸ್ತಿ. ಎಲ್ಲ ಕಡೆ ಒಂದೇ ಸಲ ಆಗಲ್ಲ, ಒಪ್ಪುತ್ತೇನೆ. ಹಾಗಿದ್ದರೆ ಯಾವ ಊರು ಮೊದಲು ಅನ್ನೋದನ್ನು ಎಲ್ಲರ ಎದುರು ಚೀಟಿ ಎತ್ತಿ ತೀರ್ಮಾನಿಸಲಿ. ಖಾಸಗಿ ಶಾಲೆಯ ಆರ್‌ಟಿಇ ಸೀಟಿಗೆ ಲಾಟರಿ ಎತ್ತಿದ್ದನ್ನು ನಾವು ನೋಡಿದ್ದೇವಲ್ವಾ?

ಪಶ್ಚಿಮ ಆಫ್ರಿಕಾದ ಬೆನಿನ್ ದೇಶದಲ್ಲಿ ಇದನ್ನೇ ಮಾಡಿದರು. ಸುಮಾರು 300 ಹಳ್ಳಿಗಳನ್ನು ಬಹಿರಂಗ ಲಾಟರಿಯಲ್ಲಿ ಆರಿಸಿದರು. ಹೊಲಗಳ ಗಡಿ ಗುರುತಿಸಿ ಕಲ್ಲು ನೆಟ್ಟರು. ಆಮೇಲೆ ಸರ್ವೇ ಆದ ಊರನ್ನೂ ಆಗದ ಊರನ್ನೂ ಹೋಲಿಸಿ ನೋಡಿದರು. ಪ್ರಭಾವದಿಂದ ಆರಿಸಿದ ಊರಾಗಿದ್ದರೆ ಆ ಹೋಲಿಕೆಗೆ ಬೆಲೆಯೇ ಇರುತ್ತಿರಲಿಲ್ಲ, ಮೊದಲೇ ಮುಂದಿರುವ ಊರೇ ಮುಂದೆ ಕಾಣುತ್ತಿತ್ತು. ಸರ್ವೇ ಆದ ಊರುಗಳಲ್ಲಿ ಪಟ್ಟಾ ಕೈಗೆ ಬರುವ ಮೊದಲೇ, ಬರೀ ಗಡಿ ಗಟ್ಟಿಯಾಗಿದ್ದಕ್ಕೇ ಜನ ಗಿಡ ನೆಡುವುದು, ಬಹುವರ್ಷ ಫಲ ಕೊಡುವ ಬೆಳೆ ಹಾಕುವುದು ಹೆಚ್ಚಾಯಿತು. ನನಗೆ ತಕ್ಷಣ ನಮ್ಮ ಕಾಕಾನ ಬದು ನೆನಪಾಯಿತು. ಅಲ್ಲಿ ಒಂದು ಮಾವಿನ ಸಸಿ ಇಡಲೂ ಅವರು ಹೆದರುತ್ತಾರೆ. ನಾಳೆ ಅಳತೆಯಲ್ಲಿ ಗಿಡ ಯಾರ ಪಾಲಿಗೆ ಹೋಗುತ್ತೋ ಅಂತ.

ಆದರೆ ಎಲ್ಲರನ್ನೂ ಒಂದೇ ಕೊಡಕ್ಕೆ ಹಾಕಬಾರದು. ನಮ್ಮ ಭಾಗದ ಎಷ್ಟೋ ತಾಂಡಾಗಳು ದಾಖಲೆಯಲ್ಲೇ ಇರಲಿಲ್ಲ. 2023ರ ಜನವರಿ 19ರಂದು ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿಗೆ ಹಕ್ಕುಪತ್ರ ಹಂಚಿದ್ದು ಇದಕ್ಕೇ. ಕೈಯಲ್ಲಿ ಒಂದು ಕಾಗದವೂ ಇಲ್ಲದವರು ಚೀಟಿಯ ಅದೃಷ್ಟಕ್ಕೆ ಯಾಕೆ ಕಾಯಬೇಕು? ಅವರದು ಮೊದಲು ಆಗಲಿ. ಉಳಿದ ಊರುಗಳಿಗೆ ಚೀಟಿ.

"ಚೀಟಿ ಬರದಿದ್ರ ನಮ್ಮ ಗತಿ?" ಅಂದರು ಕಾಕಾ. ಓಣಿಯ ಹೆಣ್ಣುಮಕ್ಕಳು ಪ್ರತಿ ತಿಂಗಳು ಚೀಟಿ ಎತ್ತುತ್ತಾರೆ. ಈ ತಿಂಗಳು ಬರದವರಿಗೆ ಮುಂದೆ ಬಂದೇ ಬರುತ್ತದೆ. ಯಾರೂ ಬಿಟ್ಟುಹೋಗುವುದಿಲ್ಲ. ಸರ್ವೇಯೂ ಹಾಗೇ ನಡೆಯಬೇಕು. ಎತ್ತಿದ ದಿನವೇ ಎಲ್ಲ ಊರಿನ ಸರದಿ, ವರ್ಷ, ತಿಂಗಳು ಬರೆದು ಪಂಚಾಯತಿ ಗೋಡೆಗೆ ಅಂಟಿಸಲಿ. ಕಾಕಾಗೆ 78 ತುಂಬಿದೆ. ಮೂರನೇ ವರ್ಷ ಅಂದರೂ ಕಾಯುತ್ತಾರೆ. ಅವರಿಗೆ ಬೇಕಿರೋದು ಒಂದು ತಾರೀಖು.