ನೋಡ್ ನೋಡಿದ್ರಾ?

ವಿಡಿಯೋ ಮಾಡಿ ಕನ್ನಡದಲ್ಲಿ ಗೇಮ್ ಮಾಡೋದು ಕಲಿಸುತ್ತೇನೆ ಅಂತ ಹೊರಟವನಿಗೆ ಮೊದಲ ತೊಡಕು ಬಂದಿದ್ದು ಎಂಜಿನ್ನಿನ, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರಿನ, ಹೆಸರಿನಲ್ಲೇ. ಗೋಡೋ. ಪುಕ್ಕಟೆ ಸಿಗುತ್ತದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ್ದು, 2014ರಿಂದ ಅದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಹೆಸರು ಬಂದಿದ್ದು ಐರಿಶ್ ಲೇಖಕ ಸ್ಯಾಮ್ಯುಯೆಲ್ ಬೆಕೆಟ್‌ನ ನಾಟಕದಿಂದ. ಅದರಲ್ಲಿ ಇಬ್ಬರು ಕಾಯುತ್ತಲೇ ಇರುತ್ತಾರೆ, ಗೋಡೋ ಮಾತ್ರ ಬರುವುದೇ ಇಲ್ಲ.

ಇಷ್ಟೆಲ್ಲ ಕೂರಿಸಿಕೊಂಡು ಹೇಳಿದ ಮೇಲೆ ಅಮ್ಮನಿಗೆ ನೆನಪಿದ್ದದ್ದು 'ಗೋಡೆ' ಮಾತ್ರ. "ನನ್ನ ಮಗ ಕಂಪ್ಯೂಟರಲ್ಲಿ ಗೋಡೆ ಕೆಲಸ ಹೇಳಿಕೊಡ್ತಾನೆ" ಅಂತ ಎದುರು ಮನೆಯವರಿಗೆ ಹೇಳಿದ್ದಾರೆ. ಭಾನುವಾರ ಅವರು ಬಂದರು. ಮಳೆಗಾಲದಲ್ಲಿ ಅಡುಗೆಮನೆ ಗೋಡೆ ತೇವ ಹಿಡಿಯುತ್ತದಂತೆ, ಸ್ವಲ್ಪ ನೋಡಬೇಕಂತೆ. ಹೋಗಿ ನೋಡಿಬಂದೆ. ಕಾಫಿ ಚೆನ್ನಾಗಿತ್ತು.

ಪಾಠದಲ್ಲಿ ಒಂದೂ ಇಂಗ್ಲಿಷ್ ಪದ ಬರಬಾರದು ಅಂತ ಆಗ ನನಗೆ ಹಠ. ನಿಘಂಟು, ಹಳೇ ಗಣಿತದ ಪುಸ್ತಕ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕೂತೆ. ವೇರಿಯಬಲ್ 'ಚರ' ಆಯಿತು. ಪರವಾಗಿಲ್ಲ. ಫಂಕ್ಷನ್ನಿಗೆ ಗಣಿತದವರು 'ಉತ್ಪನ್ನ' ಅನ್ನುತ್ತಾರೆ. "ಈಗ ನಮ್ಮ ಹೊಸ ಉತ್ಪನ್ನವನ್ನು ಕರೆಯೋಣ" ಅಂದೆ. ತುಪ್ಪದ ಜಾಹೀರಾತಿನ ಹಾಗೆ ಕೇಳಿಸಿತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್‌ಗೆ 'ಕುಣಿಕೆ' ಅಂತ ಸಿಕ್ಕಿತು. ಒಳ್ಳೇ ಪದ, ಅಚ್ಚ ಕನ್ನಡ. ರಾತ್ರಿ 11 ಗಂಟೆಗೆ ಬಾಗಿಲು ಹಾಕಿಕೊಂಡು, ಗಂಭೀರ ದನಿಯಲ್ಲಿ, "ಮೊದಲು ಒಂದು ಕುಣಿಕೆ ಹಾಕಿಕೊಳ್ಳಿ. ಹೊರಗೆ ಬರೋ ದಾರಿ ಇಟ್ಟುಕೊಳ್ಳದೇ ಹೋದರೆ ಅಲ್ಲಿಗೆ ಮುಗೀತು" ಅಂತ ಹೇಳುತ್ತಿದ್ದೆ. ಅಪ್ಪ ಬಾಗಿಲು ತಟ್ಟಿದರು. ಏನೂ ಕೇಳಲಿಲ್ಲ. "ಬಿಸಿ ಹಾಲು ಕುಡೀತೀಯೇನೋ?" ಅಂದರು. ಅಪ್ಪ ನನ್ನನ್ನು ಹಾಲು ಬೇಕಾ ಅಂತ ಕೇಳಿ 20 ವರ್ಷವಾಗಿತ್ತು.

ಇದಕ್ಕಿಂತ ಜಾಸ್ತಿ ಪೆಟ್ಟು ಬಿದ್ದಿದ್ದು ಡೀಬಗ್ಗಿಂಗ್ ಪಾಠದಲ್ಲಿ. ಕೋಡಿನ ತಪ್ಪು ಹುಡುಕಿ ಸರಿಮಾಡೋದಕ್ಕೆ 'ದೋಷ ನಿವಾರಣೆ' ಅಂತ ಹೆಸರಿಟ್ಟೆ. ಥಂಬ್‌ನೇಲ್‌ಗೆ ಕೆಂಪು ಹಿನ್ನೆಲೆ, ಹಳದಿ ಅಕ್ಷರ: '10 ನಿಮಿಷದಲ್ಲಿ ದೋಷ ನಿವಾರಣೆ!' ಪಕ್ಕದಲ್ಲಿ ಕೈ ಎತ್ತಿಕೊಂಡ ನನ್ನ ಫೋಟೋ. ಕೈ ಎತ್ತಿದ್ದು ಕೀಬೋರ್ಡ್ ತೋರಿಸೋದಕ್ಕೆ, ಆದರೆ ಕೀಬೋರ್ಡ್ ಫೋಟೋದಲ್ಲಿ ಬಿದ್ದಿರಲಿಲ್ಲ. ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ ಮಲಗಿದೆ. ಬೆಳಗ್ಗೆ ಆರಕ್ಕೆ ತಿಪಟೂರಿನ ದೊಡ್ಡಮ್ಮನ ಫೋನು.

"ನಿಂಗೆ ಇದೆಲ್ಲ ಯಾವಾಗ ಒಲೀತೋ? ನಮ್ಮ ಹುಡುಗಿಗೆ ಕುಜ ದೋಷ ಇದೆ ಅಂತಾರೆ."

"ದೊಡ್ಡಮ್ಮ, ಇದು ಕಂಪ್ಯೂಟರಿನ ದೋಷ."

"ಯಾವ ದೋಷ ಆದ್ರೇನು, ನಿವಾರಣೆ ಆಗುತ್ತೆ ತಾನೆ?"

ಮುಂದೆ ತೆರೆದಿದ್ದ ನನ್ನ ಕೋಡಿನಲ್ಲಿ ಆಗ ತಪ್ಪು ತೋರಿಸುವ 14 ಕೆಂಪು ಗೆರೆ ಇದ್ದವು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿಗೆ ಹಠ ಬಿಟ್ಟೆ. ಇಂಗ್ಲಿಷ್ ಪದವನ್ನು ಹಾಗೇ ಇಟ್ಟು, ಬಾಲಕ್ಕೆ 'ಅನ್ನು', 'ಇಗೆ' ಅಂಟಿಸಿದರೆ ಆಯಿತಲ್ಲ, ನಾವು ದಿನಾ ಮಾತಾಡೋದೇ ಹಾಗೆ. ಆದರೆ ಗೋಡೋದಲ್ಲಿ ಎಲ್ಲವೂ ನೋಡ್. ಚಿತ್ರಕ್ಕೊಂದು ನೋಡ್, ಸದ್ದಿಗೊಂದು ನೋಡ್, ಡಿಕ್ಕಿ ಹೊಡೆದಿದ್ದು ಗೊತ್ತಾಗೋದಕ್ಕೂ ಒಂದು ನೋಡ್. ನೋಡ್‌ಗಳನ್ನು ಜೋಡಿಸಿದರೆ ಅದು ಸೀನ್. ಹಾಗಾಗಿ ನನ್ನ ಪಾಠ ಹೀಗೆ ಶುರುವಾಯಿತು: "ಈ ನೋಡ್ ನೋಡಿ. ನೋಡ್ ನೋಡಿದ್ರಾ? ಅದರ ಕೆಳಗಿನ ನೋಡ್ ಈಗ ನೋಡ್ಬೇಡಿ, ಆಮೇಲೆ ನೋಡೋಣ. ಈಗ ಒಂದು ಹೊಸ ಸೀನ್ ಮಾಡಿ." ಅಷ್ಟರಲ್ಲಿ ಅಡುಗೆಮನೆಯಿಂದ ಒಗ್ಗರಣೆ ಘಾಟು ಬಂತು. ಮಾಡಿದೆ. ಎರಡು ಸೀನ್, ಬೆನ್ನು ಬೆನ್ನಿಗೆ.

ಆಟದಲ್ಲಿ ಚಲಿಸುವ ವಸ್ತುವಿಗೆ ಇಲ್ಲಿ ಬಾಡಿ ಅಂತ ಹೆಸರು. ಒಂದು ಜಾಗದೊಳಗೆ ಅದು ಕಾಲಿಟ್ಟರೆ ಸಿಗ್ನಲ್ ಬರುತ್ತದೆ. ಒಂದು ನೋಡಿನ ಕೆಳಗಿರುವ ನೋಡ್‌ಗಳು ಅದರ ಮಕ್ಕಳು. ಅಪ್ಪನನ್ನು ಅಳಿಸಿದರೆ ಮಕ್ಕಳೂ ಜೊತೆಗೇ ಅಳಿಯುತ್ತವೆ. ಇದನ್ನೇ ಒಂದು ಬೆಳಗ್ಗೆ ಹುರುಪಿನಿಂದ ವಿವರಿಸುತ್ತಿದ್ದೆ. "ಬಾಡಿ ಬಂತು ಅಂದ್ರೆ ಸುಮ್ನೆ ಕೂರಬೇಡಿ. ಅಪ್ಪನ್ನ ತೆಗೆದುಬಿಡಿ, ಮಕ್ಕಳು ತಾವಾಗೇ ಹೋಗ್ತವೆ." ಸಿಲಿಂಡರ್ ತಂದ ಹುಡುಗ ಕಿಟಕಿ ಪಕ್ಕ ನಿಂತು ಪೂರ್ತಿ ಕೇಳಿಸಿಕೊಂಡ. ಚಿಲ್ಲರೆಗೆ ಕಾಯದೆ ಹೋದ.

ಆಟಕ್ಕೆ ಕಥೆಯೇನೂ ದೊಡ್ಡದಿರಲಿಲ್ಲ. ಮೇಲಿಂದ ಆಲೂಗಡ್ಡೆ ಬೀಳುತ್ತದೆ, ಕೆಳಗೆ ಮಂಕರಿ ಹಿಡಿದು ಓಡಾಡಬೇಕು. ಹಾಸನದವನು ಇನ್ನೇನು ತಾನೆ ಬೀಳಿಸಿಯಾನು? 11 ಪಾಠ ಮಾಡಿ, ಕೊನೆಗೆ 'ಮತ್ತೊಮ್ಮೆ ಪ್ರಯತ್ನಿಸಿ' ಅನ್ನೋ ಬಟನ್ ಹಾಕಿದೆ. ತೆರೆಯ ಮೇಲೆ ಬಂದದ್ದು 'ಮತ್‌ತೊಮ್‌ಮೆ ಪ್‌ರಯತ್‌ನಿಸಿ'. ಒತ್ತಕ್ಷರಗಳೆಲ್ಲ ಪಾಲು ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ನಿಂತಿದ್ದವು. ನಾನು ಬಳಸುತ್ತಿದ್ದದ್ದು 3ನೇ ಆವೃತ್ತಿ. ನಮ್ಮ ಲಿಪಿಯ ಹಾಗೆ ಅಕ್ಷರದ ಕೆಳಗೆ ಅಕ್ಷರ ಕೂರಿಸುವ ಏರ್ಪಾಡು ಬಂದಿದ್ದು 4ರಲ್ಲಿ, 2023ರ ಮಾರ್ಚ್‌ನಲ್ಲಿ. ಅಲ್ಲೀತನಕ ನಾನು ಒತ್ತಕ್ಷರವೇ ಇಲ್ಲದ ಪದ ಹುಡುಕುತ್ತಾ ಕೂತೆ. 'ಆಟ ಮುಗಿಯಿತು' ಸಲೀಸು. 'ಗೆದ್ದಿರಿ' ಆಗದು. ಹಾಗಾಗಿ ನನ್ನ ಆಟದಲ್ಲಿ ಸುಮಾರು ನಾಲ್ಕು ತಿಂಗಳು ಯಾರೂ ಗೆಲ್ಲಲಿಲ್ಲ.

ಹೊಸ ಆವೃತ್ತಿ ಬಂತು, ಒತ್ತಕ್ಷರ ಕೂಡಿಕೊಂಡವು, ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಆಮೇಲೆ ನೋಡಿದರೆ ನೋಡ್‌ಗಳ ಹೆಸರೇ ಬದಲಾಗಿವೆ. ನಾನು ಕಷ್ಟಪಟ್ಟು ಉಚ್ಚಾರ ಕಲಿತಿದ್ದ ಕೈನೆಮ್ಯಾಟಿಕ್ ಬಾಡಿ ಈಗ ಕ್ಯಾರೆಕ್ಟರ್ ಬಾಡಿ. ಬದಲಾಗುತ್ತದೆ ಅಂತ ಗೋಡೋದವರು ಎಷ್ಟೋ ಮೊದಲೇ ಹೇಳಿದ್ದರು, ಓದದೇ ಇದ್ದವನು ನಾನು. 11 ಪಾಠವನ್ನೂ ಮತ್ತೆ ಮೊದಲಿಂದ ಮಾಡಲು ಕೂತೆ. ಇನ್ನೇನು ಮೂರನೆಯದು ಮುಗಿಯಬೇಕು, ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ತೀರಿಕೊಂಡಿದೆ. ಎಂಪಿ4ನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ, ಒಳಗೆ ಏನೇನು ಎಲ್ಲೆಲ್ಲಿದೆ ಅನ್ನೋ ಪಟ್ಟಿಯನ್ನು ಅದು ಬರೆಯೋದು ಕೊನೆಯಲ್ಲಿ. ನಡುವೆ ನಿಂತರೆ ಪಟ್ಟಿಯಿಲ್ಲ, ಪಟ್ಟಿಯಿಲ್ಲದಿದ್ದರೆ ಫೈಲ್ ತೆರೆಯೋದಿಲ್ಲ. ಎಂಕೆವಿ ಅನ್ನೋ ಇನ್ನೊಂದು ಬಗೆಯ ಫೈಲ್ ಇಟ್ಟುಕೊಂಡಿದ್ದರೆ ಕರೆಂಟ್ ಹೋಗುವ ತನಕದ್ದಾದರೂ ಉಳಿಯುತ್ತಿತ್ತು. ಇದು ನನಗೆ ಗೊತ್ತಾಗಿದ್ದು 47 ನಿಮಿಷ ಕಳೆದುಕೊಂಡ ಮೇಲೆ.

ನಾಲ್ಕನೇ ಪಾಠ ಆಲೂಗಡ್ಡೆ ಬೀಳಿಸೋದು. ಕ್ಯಾಮೆರಾ ಆನ್ ಮಾಡಿ, "ಈಗ ನೋಡಿ, ಬೀಳುತ್ತೆ" ಅಂದೆ. ಆಲೂಗಡ್ಡೆ ಹಕ್ಕಿಯ ಹಾಗೆ ಆಕಾಶಕ್ಕೆ ಹೋಯಿತು. ಶಾಲೆಯಲ್ಲಿ ಕಲಿತ ಗ್ರಾಫ್‌ನಲ್ಲಿ ವೈ ಮೇಲಕ್ಕೆ ಹೋದಷ್ಟೂ ಹೆಚ್ಚು. ಇಲ್ಲಿ ತಿರುಗುಮುರುಗು. ತೆರೆಯ ಎಡಗಡೆ ಮೇಲಿನ ಮೂಲೆ ಸೊನ್ನೆ, ಕೆಳಗಿಳಿದಷ್ಟೂ ವೈ ಹೆಚ್ಚು. ಗುರುತ್ವ 980, ಅದೂ ಪಿಕ್ಸೆಲ್ ಲೆಕ್ಕದಲ್ಲಿ. ಮೇಲಕ್ಕೆ ನೆಗೆಯಬೇಕಾದರೆ ಮೈನಸ್ 400. ಇದನ್ನು ಹೇಗೆ ಹೇಳೋದು? ಗ್ರಾಫ್ ಹಾಳೆ ತಲೆಕೆಳಗು ಮಾಡಿ ತೋರಿಸಿದೆ. ಅಂಕಿಗಳೂ ತಲೆಕೆಳಗಾದವು. ಏಳು ಸಲ ರೆಕಾರ್ಡ್ ಮಾಡಿ ಅಳಿಸಿದೆ.

ಎಂಟನೇ ಸಲ, ಸಾಕಾಗಿ, ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಬೋರ್ ಕೊರೆಸುವಾಗ ಹೆಂಗೆ ಎಣಿಸ್ತೀವಿ? ನೆಲ ಸೊನ್ನೆ. ಕೆಳಗೆ ಹೋದಂಗೆ 200 ಅಡಿ, 400 ಅಡಿ. ವೈ ಕೂಡ ಹಂಗೇ. ಇದು ಬೋರ್‌ವೆಲ್ಲು."

ಅಷ್ಟೆ. ನಿಘಂಟು, ಗಣಿತದ ಪುಸ್ತಕ ಎರಡರಲ್ಲೂ ಇಲ್ಲದ್ದು. ನನಗೇ ಅವತ್ತು ವೈ ಸರಿಯಾಗಿ ಅರ್ಥವಾಯಿತು ಅನ್ನೋದು ಬೇರೆ ಮಾತು. ಮುಂದಿನ ಪಾಠದ ಡೆಲ್ಟಾವನ್ನೂ, ಅಂದರೆ ಆಟದ ಎರಡು ಹೆಜ್ಜೆಗಳ ನಡುವಿನ ಹೊತ್ತನ್ನೂ, ಹೀಗೇ ಹಾಲಿನ ಲೆಕ್ಕಕ್ಕೆ ತಂದೆ. ದಿನಾ ಚೂರು ಚೂರು ಕೊಟ್ಟರೂ ಅಷ್ಟೇ, ವಾರಕ್ಕೊಮ್ಮೆ ಕೊಟ್ಟರೂ ಅಷ್ಟೇ, ತಿಂಗಳಿಗೆ ಹಾಲಿನವರಿಗೆ ಸೇರೋ ದುಡ್ಡು ಒಂದೇ. ವೇಗದ ಕಂಪ್ಯೂಟರ್ ಸೆಕೆಂಡಿಗೆ 60 ಸಣ್ಣ ಹೆಜ್ಜೆ ಇಡುತ್ತದೆ, ನನ್ನದು 30 ದೊಡ್ಡ ಹೆಜ್ಜೆ. ಆಲೂಗಡ್ಡೆ ಎರಡರಲ್ಲೂ ಒಂದೇ ಹೊತ್ತಿಗೆ ನೆಲ ಮುಟ್ಟಬೇಕು. ಅದನ್ನು ನೋಡಿಕೊಳ್ಳೋದು ಡೆಲ್ಟಾ.

ಬೋರ್‌ವೆಲ್ ಅಂತ ಬಾಯಿ ಬಿಟ್ಟಿದ್ದಕ್ಕೋ ಏನೋ, ಮುಂದಿನ ವಾರವೇ ಪಕ್ಕದ ಮನೆ ಹಿತ್ತಲಿಗೆ ಬೋರ್ ಲಾರಿ ಬಂತು. ಎರಡು ದಿನ, ಎರಡು ರಾತ್ರಿ. ಕಂಪ್ರೆಸರ್ ಸದ್ದಿಗೆ ನನ್ನ ಮೈಕ್ ಇರಲಿ, ಹಲ್ಲೂ ಅದುರುತ್ತಿತ್ತು. ಬಿಳೀ ಪುಡಿ ಕೀಬೋರ್ಡಿನ ಸಂದಿಗೆಲ್ಲ ಹೊಕ್ಕಿತು. 900 ಅಡಿಗೆ ಹೋದರೂ ಬರೀ ಧೂಳು. ಲಾರಿ ಹೊರಟುಹೋಯಿತು. ಆ ಮನೆಯವರು ಅವತ್ತು ಸಂಜೆ ಯಾರ ಜೊತೆಗೂ ಮಾತಾಡಲಿಲ್ಲ. ನಾನೂ ರೆಕಾರ್ಡ್ ಮಾಡಲಿಲ್ಲ.

ಬೇಸಿಗೆ ರಜದಲ್ಲಿ ಆ ಮನೆಯ ಹುಡುಗ ಪೆನ್‌ಡ್ರೈವ್ ಹಿಡಿದು ಬಂದ. ಎಂಟನೇ ಕ್ಲಾಸು. "ಅಂಕಲ್, ನಿಮ್ಮ ವಿಡಿಯೋ ನೋಡಿ ಗೇಮ್ ಮಾಡಿದೀನಿ." ನನಗೆ 31. ಅಂಕಲ್ ಅನ್ನೋದಕ್ಕೆ ಇವನಿಗೆ ಯಾರು ಅಧಿಕಾರ ಕೊಟ್ಟರೋ. ಇರಲಿ, ಬಂದಿರೋನು ನನ್ನ ಮೊದಲ ಶಿಷ್ಯ.

ತೆರೆಯ ಮೇಲೆ ಆಲೂಗಡ್ಡೆ ಇರಲಿಲ್ಲ. ಒಂದು ಲಾರಿ. ಸ್ಪೇಸ್ ಬಾರ್ ಒತ್ತಿದರೆ ಕೊರೆಯುತ್ತಾ ಕೆಳಗಿಳಿಯುತ್ತದೆ. ಪಕ್ಕದಲ್ಲಿ ವೈ, ಅಡಿ ಲೆಕ್ಕದಲ್ಲಿ. ನೀರು ಎಷ್ಟು ಅಡಿಗೆ ಅನ್ನೋದನ್ನು 200ರಿಂದ 1200ರ ನಡುವೆ ಕಂಪ್ಯೂಟರ್ ತನಗೆ ತೋಚಿದ ಹಾಗೆ ಆರಿಸುತ್ತದೆ. ಆದರೆ ಸಾವಿರಕ್ಕೆ ಲಾರಿ ನಿಂತುಬಿಡುತ್ತದೆ.

"ಸಾವಿರಕ್ಕೆ ಯಾಕೋ ನಿಲ್ಲಿಸ್ತೀಯ?"

"ದುಡ್ಡು ಅಷ್ಟೇ ಇರೋದು ಅಂಕಲ್."

ನಾನು ಆಡಿದೆ. ಧೂಳು. ಆಗ ಒಂದು ಬಟನ್ ಬಂತು: 'ಮತ್ತೊಂದು ಪಾಯಿಂಟ್ ಪ್ರಯತ್ನಿಸಿ'. ಒತ್ತಕ್ಷರ ಎಲ್ಲ ನೀಟಾಗಿ ಕೂತಿದ್ದವು. ಒತ್ತಿದೆ. 300, 500, 640. ಕಂಪ್ರೆಸರ್ ಸದ್ದನ್ನೂ ಹಾಕಿದ್ದ, ಅವತ್ತೇ ಫೋನಲ್ಲಿ ಹಿಡಿದಿಟ್ಟುಕೊಂಡಿದ್ದನಂತೆ. ಆ ಸದ್ದು ಕಿಟಕಿ ದಾಟಿ ಹೋಗಿರಬೇಕು. ಕಾಂಪೌಂಡ್ ಆಚೆಯಿಂದ ಅವರಪ್ಪ ಕೂಗಿದರು.

"ಬಂತೇನೋ?"

"ಇನ್ನೂ ಇಲ್ಲಪ್ಪಾ" ಅಂದ ಹುಡುಗ, ತೆರೆಯಿಂದ ಕಣ್ಣು ತೆಗೆಯದೆ.